ನಫೀಸಳ ಬಾಟಲಿಯ ಉಪ್ಪು

ಬೋಳಾರದಿಂದ ಶಾಲೆಗೆ ನಾವು ನಡೆದೇ ಹೋಗುತ್ತಿದ್ದ ಕಾಲ ಅದು. ನಾನು ಏಳನೇ ಕ್ಲಾಸು. ಅಪ್ಪ ಮಸ್ಕತ್‌ನಲ್ಲಿ, ಅಮ್ಮ ಅತ್ತಾವರದ ಆಸ್ಪತ್ರೆಯೊಂದರಲ್ಲಿ ನರ್ಸ್. ಶಾಲೆ ಬಿಟ್ಟ ಮೇಲೆ ಬೀಗ ತೆಗೆದು ಮನೆಯೊಳಗೆ ಹೋಗುವವಳು ನಾನೊಬ್ಬಳೇ. ಹಾಗಾಗಿ ಸಂಜೆ ರಿಲೇ ಓಟದ ಪ್ರಾಕ್ಟೀಸ್ ಶುರುವಾದಾಗ ನನಗೆ ಹಬ್ಬ. ಅಲ್ಲೇ ನಫೀಸಾ ಸಿಕ್ಕಿದ್ದು. ಅವಳ ಅಪ್ಪನೂ ಗಲ್ಫಿನಲ್ಲಿ. ಮೂರನೇ ಸುತ್ತು ಅವಳದು, ಕೊನೆಯದು ನನ್ನದು.

"ಅಂಗಡಿಯ ಸ್ಪೋರ್ಟ್ಸ್ ಡ್ರಿಂಕ್ ಎಲ್ಲ ಬೇಡ. ಲಿಂಬೆ, ಸಕ್ಕರೆ, ಉಪ್ಪು ಹಾಕಿ ಮನೆಯಲ್ಲೇ ಮಾಡಿ ತನ್ನಿ" ಎಂದರು ಪಿ.ಟಿ. ಟೀಚರ್. ನಾವಿಬ್ಬರೂ ತಂದೆವು. ನಫೀಸಳದ್ದು ಅವಳ ಉಮ್ಮ, ಅಂದರೆ ಅಮ್ಮ, ಮಾಡಿದ್ದು, ಮುಚ್ಚಳ ತೆಗೆದರೆ ಪುದೀನದ ಘಮ. ನನ್ನದು ನಾನೇ ಕಲಸಿದ್ದು. ಎಲ್ಲರೂ ಅವಳದ್ದಕ್ಕೇ ಕೈ ಚಾಚಿದರು.

"ನಿನ್ನದು ಬರೀ ಉಪ್ಪು ಮಾರಾಯ್ತಿ" ಎಂದು ನಫೀಸಾ ನಕ್ಕಳು. "ನೀನು ಮೂರು ಚಮಚ ಹಾಕಿದ್ದಲ್ವಾ? ನನ್ನದರಲ್ಲಿ ಎರಡೇ ಉಂಟು."

"ನೀರೆಷ್ಟು?"

"ಐದು ಲೋಟ."

ನನ್ನದು ಎಂಟು ಲೋಟ. ಆ ವಾರವಷ್ಟೇ ಅನುಪಾತದ ಪಾಠ ಆಗಿತ್ತು. ಕಡ್ಡಿ ಹಿಡಿದು ಮಣ್ಣಿನ ಮೇಲೆ ಬರೆದೆ. ಎಂಟಕ್ಕೆ ಮೂರಾದರೆ ನಲವತ್ತು ಲೋಟಕ್ಕೆ ಹದಿನೈದು ಚಮಚ. ಐದಕ್ಕೆ ಎರಡಾದರೆ ನಲವತ್ತಕ್ಕೆ ಹದಿನಾರು.

"ನೋಡಿ, ಉಪ್ಪು ಜಾಸ್ತಿ ಅವಳದ್ದೇ! ಅವಳ ಉಮ್ಮನಿಗೆ ಲೆಕ್ಕ ಬರುವುದಿಲ್ಲ!"

ಆ ಕೊನೆಯ ಮಾತು ಯಾಕೆ ಬಾಯಿಗೆ ಬಂತೋ. ಎಲ್ಲರೂ ನಕ್ಕರು. ನಫೀಸಾ ನಗಲಿಲ್ಲ. ಅವಳ ಉಮ್ಮ ಶಾಲೆಗೇ ಹೋದವರಲ್ಲ. ಅದನ್ನು ಅವಳು ಹೇಳಿದ್ದು ನನಗೊಬ್ಬಳಿಗೆ. ಬಾಟಲಿಯಲ್ಲಿ ಉಳಿದದ್ದನ್ನು ನೆಲಕ್ಕೆ ಸುರಿದು ಹೊರಟುಹೋದಳು.

ಸ್ಪರ್ಧೆಯ ದಿನ ರಿಲೇ ಕೋಲನ್ನು ಸರಿಯಾಗಿಯೇ ನನ್ನ ಕೈಗಿಟ್ಟಳು, ಮುಖ ನೋಡಲಿಲ್ಲ. ಗೆದ್ದೆವು. ಉಳಿದವರು ಅಪ್ಪಿಕೊಂಡು ಕುಣಿಯುವಾಗ ಅವಳು ಚಪ್ಪಲಿ ಹುಡುಕುತ್ತಿದ್ದಳು. ಕ್ಷಮಿಸು ಅನ್ನಲು ನನಗೆ ಬಾಯಿ ಬರಲಿಲ್ಲ. ರಜೆ ಶುರುವಾದ ಮೇಲೆ ಧೈರ್ಯ ಮಾಡಿ ಅವಳ ಮನೆಗೆ ಹೋದರೆ ಬಾಗಿಲಿಗೆ ಬೀಗ.

"ಅವರು ಅವಳ ಅಪ್ಪನ ಹತ್ತಿರ ದಮ್ಮಾಮ್‌ಗೆ ಹೋದರಲ್ಲ, ನಿನಗೆ ಹೇಳಲಿಲ್ವಾ?" ಎಂದರು ಪಕ್ಕದ ಮನೆಯವರು.

ಆ ಬೇಸಿಗೆಯಲ್ಲಿ ಖಾಲಿ ಮನೆಯೊಳಗೆ ಕೂತು ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿದೆ. ಉತ್ತರ ತಪ್ಪಿರಲಿಲ್ಲ. ನಲವತ್ತು ಲೋಟಕ್ಕೆ ಒಂದು ಚಮಚದ ವ್ಯತ್ಯಾಸ. ಯಾರ ನಾಲಗೆಗೂ ಗೊತ್ತಾಗುವಂಥದ್ದಲ್ಲ.

ಮೊನ್ನೆ ನಮ್ಮ ಶಾಲೆಯವರ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ನನ್ನನ್ನೇ ಕೇಳಿದರು: "ನಫೀಸಳ ನಂಬರ್ ನಿನ್ನ ಹತ್ತಿರ ಇರಬೇಕಲ್ಲ? ನೀವಿಬ್ಬರೂ ಭಾರೀ ದೋಸ್ತಿ."

'ಇಲ್ಲ' ಎಂಬ ಎರಡಕ್ಷರ ಬರೆಯಲು ನನಗೆ ಬಹಳ ಹೊತ್ತು ಹಿಡಿಯಿತು.