ಕೋದಂಡಪ್ಪನ ಗಡಿಕಲ್ಲುಗಳು

ಹಿಂದಿನ ಕಾಲದ ಚಕ್ರವರ್ತಿಗಳು ಅಶ್ವಮೇಧ ಮಾಡುವಾಗ ಕುದುರೆ ಬಿಡುತ್ತಿದ್ದರು. ಕುದುರೆ ಹೋದಷ್ಟು ದೂರ ಅವರ ರಾಜ್ಯ. ಬಂಗಾರಪೇಟೆಯ ಮೈಕ್‌ಸೆಟ್ ಕೋದಂಡಪ್ಪನಿಗೆ ಕುದುರೆ ಸಾಕುವ ತಾಕತ್ತು ಇರಲಿಲ್ಲ. ಅವನು ಹಾಡು ಬಿಡುತ್ತಿದ್ದ. ಹುಣಸೆಮರದ ತುದಿಗೆ ಹಾರನ್ ಕಟ್ಟಿ, ಗ್ರಾಮಫೋನ್ ಪ್ಲೇಟಿನ ಮೇಲೆ ಮುಳ್ಳು ಇಟ್ಟು, ಹಾಡು ಗಂಟಲು ಬಿಚ್ಚಿದ್ದೇ ತಡ, ಟವಲನ್ನು ಹೆಗಲಿಗೆಸೆದು ಅದರ ಹಿಂದೆಯೇ ಹೊರಟುಬಿಡುತ್ತಿದ್ದ. ಹಾಡು ಕೇಳಿದರೆ ಲೋಕದ ಜನವೆಲ್ಲ ಹತ್ತಿರ ಬರುತ್ತಾರೆ. ಕೋದಂಡಪ್ಪ ಒಬ್ಬನೇ ದೂರ ಹೋಗುತ್ತಿದ್ದ. ರಾಗಿ ಹೊಲ, ಕೆರೆ ಏರಿ, ಮಾವಿನ ತೋಪು, ರೈಲು ಹಳಿ, ಯಾವುದನ್ನೂ ಲೆಕ್ಕಿಸದೆ ನಡೆದು, ಹಾಡು ಎಲ್ಲಿ ಸೊಳ್ಳೆಯ ದನಿಯಷ್ಟು ಸಣ್ಣಗಾಗುತ್ತದೋ ಅಲ್ಲಿ ನಿಂತು, ಅಕ್ಕಪಕ್ಕ ಹುಡುಕಿ, ಒಂದು ಚಪ್ಪಟೆ ಕಲ್ಲು ತಂದು ಇಡುತ್ತಿದ್ದ.

ಆ ಕಲ್ಲುಗಳಿಗೆ ಬಂದ ಕೀರ್ತಿ ಶಾಸನದ ಕಲ್ಲುಗಳಿಗೂ ಬಂದಿರಲಾರದು. ಒಂದು ಕಲ್ಲನ್ನು ನೋಡಿ ಹೊಸ ಶಾನುಭೋಗರು ಇದು ಯಾವ ಸರ್ವೆ ನಂಬರಿನದು ಎಂದು ಅರ್ಧ ದಿನ ತಲೆ ಕೆರೆದುಕೊಂಡರಂತೆ. ಕ್ಯಾಸಂಬಳ್ಳಿ ರಸ್ತೆಯ ಪಕ್ಕದ ಕಲ್ಲಿಗೆ ಯಾರೋ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದಿದ್ದರು. ಊರಿಗಾಂ ಕಡೆಯ ಗಣಿ ಕೆಲಸದವನೊಬ್ಬ, ತಾನು ಪಾತಾಳದಲ್ಲಿ ಕಲ್ಲು ಕೊರೆಯುತ್ತಿದ್ದಾಗ ಕೋದಂಡಪ್ಪನ ಹಾರನ್ನಿನ ಪಲ್ಲವಿ ಸ್ಪಷ್ಟವಾಗಿ ಕೇಳಿಸಿತೆಂದು ಹೆಂಡದಂಗಡಿಯ ಮುಂದೆ ಆಣೆ ಮಾಡಿ ಹೇಳಿದ. ಚರಣ ಕೇಳಿಸಲಿಲ್ಲವಂತೆ. ಅಷ್ಟು ಪ್ರಾಮಾಣಿಕನ ಮಾತನ್ನು ನಂಬದೆ ಇರುವುದು ಹೇಗೆ?

ಈ ಪುರಾಣದ ಮುಖ್ಯ ಪೌರಾಣಿಕಳು ಕೋದಂಡಪ್ಪನ ಹೆಂಡತಿ ಕನಕಮ್ಮ. ಗಂಡ ದಿಗ್ವಿಜಯಕ್ಕೆ ಹೋದಾಗ ಮರದ ಬುಡದಲ್ಲಿ ಕುಳಿತು ಪೆಟ್ಟಿಗೆಗೆ ಕೀ ಕೊಡುವುದು, ಪ್ಲೇಟು ತಿರುಗಿಸುವುದು, ಮುಳ್ಳು ಬದಲಿಸುವುದು ಅವಳ ಕೆಲಸ. ತಲೆಯ ಮೇಲೆಯೇ ಹಾರನ್ ಅರಚುತ್ತಿದ್ದರೂ ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ಪಟ್ಟದರಸಿಯ ಹಾಗೆ ಕುಳಿತಿರುತ್ತಿದ್ದಳು. ನಿನ್ನ ಗಂಡ ಎಲ್ಲಿ ಎಂದು ಯಾರಾದರೂ ಕೇಳಿದರೆ ಸಾಕು.

“ಪದ ಎಲ್ಲೀಗಂಟ ಓಯ್ತದೆ ಅಂತ ನೋಡ್ಕಂಡ್ ಬರಾಕೆ ಓಗವ್ರೆ,” ಎನ್ನುವಳು. “ಬೇರೆಯೋರು ಬರೀ ಪ್ಲೇಟ್ ಆಕ್ತಾರೆ. ನಮ್ಮನೆಯವ್ರು ಪದುವ ಕೊನೇಗಂಟ ಬಿಟ್ಟು ಬತ್ತಾರೆ.”

ಕನಕಮ್ಮನಿಗೆ ಈ ಲೋಕದಲ್ಲಿ ಹೆಮ್ಮೆಯ ವಸ್ತುಗಳು ಎರಡು. ಒಂದು ಗಂಡ. ಇನ್ನೊಂದು ಚಂದ್ರಿ. ಅಮಾವಾಸ್ಯೆಗಿಂತ ಕಪ್ಪಗಿದ್ದ ಎಮ್ಮೆಗೆ ಚಂದ್ರಿ ಎಂದು ಹೆಸರಿಟ್ಟವಳೂ ಅವಳೇ. ಸ್ಟೇಷನ್ ಎದುರಿನ ಹೋಟೆಲಿನ ಕಾಫಿಗೆ ಬಣ್ಣ ಬಂದದ್ದು ಚಂದ್ರಿಯ ಹಾಲಿನಿಂದ ಎಂಬುದು ಮದ್ರಾಸ್ ಮೇಲ್ ರೈಲಿನ ಗಾರ್ಡಿಗೂ ಗೊತ್ತಿತ್ತು.

ಅರವತ್ತರ ದಶಕ ಆಗತಾನೆ ಕಣ್ಣು ಬಿಟ್ಟಿತ್ತು. ಈ ಎರಡು ಹೆಮ್ಮೆಗಳು ಒಂದಕ್ಕೊಂದು ಎದುರಾಗುವ ಕಾಲ ಬಂತು.

ಊರಿಗಾಂನಲ್ಲಿ ಪೆರುಮಾಳ್ ಎಂಬವನಿದ್ದ. ಮೈಸೂರು ಮೈನ್ಸ್‌ನ ಕೆಲಸ ಬಿಟ್ಟು ಅವನೂ ಮೈಕ್‌ಸೆಟ್ ಇಟ್ಟಿದ್ದ. ಅವನು ಮದ್ರಾಸಿಗೆ ಹೋಗಿ ಹೊಸ ಸೆಟ್ ತಂದ. ತಗಡಿನ ಹಾರನ್ ಇಲ್ಲ. ಬೀರುವಿನ ಹಾಗೆ ಮಿರಮಿರ ಮಿಂಚುವ ಮರದ ಪೆಟ್ಟಿಗೆಗಳು, ಮುಂದೆ ಬಂಗಾರದ ಬಣ್ಣದ ಬಟ್ಟೆ, ಒಮ್ಮೆ ಇಟ್ಟರೆ ಊಟ ಮುಗಿಯುವ ತನಕ ಹಾಡುವ ದೊಡ್ಡ ಪ್ಲೇಟು. ಅದರ ಹೆಸರು ಹೈ-ಫೈ. ಅದೇ ಹೊತ್ತಿಗೆ ಬಂಗಾರಪೇಟೆಯ ಹುಣಸೆಹಣ್ಣಿನ ಮಂಡಿ ಅಶ್ವತ್ಥಪ್ಪನ ಮಗಳಿಗೆ ಕೋಲಾರದ ಗಂಡು ಗೊತ್ತಾಯಿತು. ಅಂಥ ಮದುವೆ ಆ ಸೀಮೆಯಲ್ಲಿ ಆಗಿರಲಿಲ್ಲ. ಆ ಮದುವೆಯಲ್ಲಿ ಹಾಡಿಸಿದವನೇ ಮುಂದೆ ಎಲ್ಲ ಮದುವೆಗಳಲ್ಲೂ ಹಾಡಿಸುವವನು. ಉಳಿದವನು ಪ್ಲೇಟುಗಳಲ್ಲಿ ಊಟ ಬಡಿಸಿಕೊಳ್ಳಬೇಕು.

ಅಶ್ವತ್ಥಪ್ಪ ತಾನಾಗಿಯೇ ಕೋದಂಡಪ್ಪನ ಮನೆ ಜಗಲಿಗೆ ಬಂದ.

“ನೀನು ನಮ್ಮೂರೋನು ಕೋದಂಡಪ್ಪ. ನಿನ್ ಬಿಟ್ಟು ಇನ್ನೊಬ್ರುನ್ನ ಕರಿಯಾಕೆ ನಂಗೂ ಮನಸ್ಸಿಲ್ಲ. ಆದ್ರೆ ಬೀಗ್ರು ದೊಡ್ಡೋರು. ಪೆರುಮಾಳ್ ತಾವ ಐ-ಫೈ ಬಂದೈತಂತೆ. ನೀನೂ ಅಂತಾದ್ದೊಂದು ತಗಾ. ನಿಂಗೇ ಕೊಡ್ತೀನಿ ಮದ್ವೆ.”

ತೆಗೆದುಕೊಳ್ಳಲು ಕೋದಂಡಪ್ಪನ ಮನೆಯಲ್ಲಿ ಮಾರುವಂಥದ್ದು ಒಂದೇ ಇತ್ತು. ಅದು ಹಿತ್ತಲಲ್ಲಿ ಮೆಲುಕು ಹಾಕುತ್ತಿತ್ತು. ದನದ ದಲ್ಲಾಳಿ ಕೊಂಡಪ್ಪನ ಮೂಗಿಗೆ ಇಂಥ ವಾಸನೆ ಹೇಗೆ ಹತ್ತುತ್ತದೋ, ಮಾರನೆಯ ದಿನವೇ ಹಾಜರಾಗಿ ಚಂದ್ರಿಯ ಹಲ್ಲು ನೋಡಿದ, ಕೆಚ್ಚಲು ನೋಡಿದ, ಬಾಲ ಎತ್ತಿ ನೋಡಿದ. ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡಲು ಕೈಯನ್ನೂ ಚಾಚಿದ. ಕನಕಮ್ಮ ಆ ಕೈಗೆ ಸಗಣಿಯ ಬುಟ್ಟಿ ಕೊಟ್ಟಳು.

“ಕೇಳ್ದೆ ಯೆಂಗ್ ಕೊಳ್ಳೋದು?” ಎಂದ ಕೋದಂಡಪ್ಪ. “ಎಮ್ಮೆ ಕೊಳ್ಳೋನು ಆಲ್ ಕರ್ದು ನೋಡಲ್ವಾ? ಪೆರುಮಾಳ್‌ಗೆ ಬರಾಕೇಳ್ತೀನಿ. ಎಲ್ಡೂ ಸೆಟ್ಟೂ ಇಟ್ಟು, ನಡ್ದು ನೋಡಾನ.”

ಹೋಲಿಕೆ ಕನಕಮ್ಮನಿಗೆ ಹಿಡಿಸಲಿಲ್ಲ. ಆದರೆ ಗಂಡ ನಡೆದು ನೋಡುತ್ತಾನೆ ಎಂದಾಗ ಅವಳಿಗೆ ಧೈರ್ಯ ಬಂತು. ಹಾಡಿನ ಹಿಂದೆ ನಡೆದು ಅದರ ಗಡಿ ಕಂಡವನು ಅವನೊಬ್ಬನೇ. ಅವನ ಕಾಲು ಸುಳ್ಳು ಹೇಳುವುದಿಲ್ಲ.

ಪರೀಕ್ಷೆಯ ದಿನ ಅಶ್ವತ್ಥಪ್ಪನ ಮಂಡಿಯ ಹಿಂದಿನ ಬಯಲಿನಲ್ಲಿ ಕುರುಕ್ಷೇತ್ರಕ್ಕೆ ಸೇರಿದಷ್ಟು ಜನ. ಒಂದು ಕಡೆ ಹುಣಸೆಮರದ ಮೇಲೆ ಕೋದಂಡಪ್ಪನ ಹಾರನ್, ಅಲ್ಲಲ್ಲಿ ಪೆಟ್ಟು ತಿಂದು ತಗ್ಗುಬಿದ್ದ ಹಳೆಯ ವೀರನ ಹಾಗೆ. ಇನ್ನೊಂದು ಕಡೆ ಮಂಡಿಯ ಕರೆಂಟಿಗೆ ಸಿಕ್ಕಿಸಿಕೊಂಡು, ಜಮಖಾನದ ಮೇಲೆ ಕುಳಿತ ಹೈ-ಫೈ, ಹೊಸ ಅಳಿಯನ ಹಾಗೆ. ನಡುವೆ ಕೊಂಡಪ್ಪ, ಕೈಯಲ್ಲಿ ಹೊಸ ಹಗ್ಗ ಹಿಡಿದುಕೊಂಡು.

“ಅಣ್ಣೇ, ಇದು ತೇನು ಅಣ್ಣೇ, ಜೇನು!” ಎಂದು ಪೆರುಮಾಳ್ ಪೆಟ್ಟಿಗೆ ಸವರಿದ. “ನಿಮ್ದು ತಗಡು. ಇದ್ರಲ್ಲಿ ಪಾಡೋನು ಉಸ್ರು ಎಳ್ಕೊಳ್ಳೋದು ಕೂಡ ಕೇಳ್ತದೆ.”

“ಉಸ್ರು ಕೇಳಾಕೆ ನನ್ನೆಮ್ಮೆ ಯಾಕಪ್ಪ ಮಾರ್ಬೇಕು?” ಎಂದಳು ಕನಕಮ್ಮ. “ನಮ್ಮನೆಯವ್ರು ಮಲ್ಗಿದ್ರೆ ದಿನಾ ಬಿಟ್ಟಿ ಕೇಳ್ತದೆ.”

ಮೊದಲು ಹಾರನ್. ಕನಕಮ್ಮ ಕೀ ಕೊಟ್ಟು ಮುಳ್ಳು ಇಟ್ಟಳು. ಮರದ ಮೇಲಿದ್ದ ಕಾಗೆಗಳು ರಾಜೀನಾಮೆ ಕೊಟ್ಟು ಹಾರಿಹೋದವು. ಕೋದಂಡಪ್ಪ ಟವಲು ಹಾಕಿಕೊಂಡು ಹೊರಟ. ಬಯಲು ದಾಟಿದ, ಕೆರೆ ಏರಿ ಹತ್ತಿದ, ತೋಪಿನಲ್ಲಿ ಮರೆಯಾಗಿ ಮತ್ತೆ ಆಚೆ ಕಂಡ, ಕೊನೆಗೆ ಒಂದು ಬಿಳಿ ಚುಕ್ಕಿಯಾದ. ಕನಕಮ್ಮ ಪ್ಲೇಟಿನ ಮೇಲೆ ಪ್ಲೇಟು ಹಾಕುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ಆ ಚುಕ್ಕಿ ಟವಲು ಎತ್ತಿ ಬೀಸಿತು. ಜನ ಹೋ ಎಂದು ಕೂಗಿದರು. ಬಂಗಾರಪೇಟೆಯ ಮರ್ಯಾದೆ ಅಷ್ಟು ದೂರ ಹೋಗಿ ಬಾವುಟ ನೆಟ್ಟು ನಿಂತಿದೆ ಎಂದು ಎಲ್ಲರ ಎದೆಯೂ ಉಬ್ಬಿತು. ಕನಕಮ್ಮನ ಎದೆಯನ್ನಂತೂ ರವಿಕೆ ತಡೆದದ್ದೇ ಪುಣ್ಯ.

ಅವನು ವಾಪಸು ಬಂದು ನೀರು ಕುಡಿದ ಮೇಲೆ ಹೈ-ಫೈ ಸರದಿ. ಪೆರುಮಾಳ್ ನಾಗಸ್ವರದ ಪ್ಲೇಟನ್ನು ರೇಷ್ಮೆ ವಸ್ತ್ರದಲ್ಲಿ ಒರೆಸಿ, ಮಗುವನ್ನು ತೊಟ್ಟಿಲಿಗೆ ಹಾಕುವಂತೆ ಇಟ್ಟ. ದನಿ ಎದ್ದಿತು. ಅಲ್ಲ, ದನಿ ಏಳಲೇ ಇಲ್ಲ. ಯಾರೋ ಪಕ್ಕದಲ್ಲಿ ಬಂದು ಕುಳಿತು ನುಡಿಸಿದ ಹಾಗಾಯಿತು. ಡೋಲಿನ ಚರ್ಮದ ಮೇಲೆ ಬೆರಳು ಜಾರುವುದು ಕೂಡ ತಿಳಿಯುತ್ತಿತ್ತು. ಬೀಡಿ ಸೇದುತ್ತಿದ್ದವರು ಬೀಡಿ ಮರೆತರು.

ಕೋದಂಡಪ್ಪ ಟವಲು ಹೆಗಲಿಗೆ ಹಾಕಿಕೊಂಡು ಎಂದಿನಂತೆ ಹೊರಟ. ನಾಲ್ಕು ಹೆಜ್ಜೆ ಇಟ್ಟ. ಅಲ್ಲೇ ಬಿಟ್ಟಿದ್ದ ಎತ್ತಿನ ಗಾಡಿಯ ತನಕ ಹೋಗಿ ನಿಂತ. ತಿರುಗಿ ನೋಡಿದ. ಆಮೇಲೆ ಹಿಂದಕ್ಕೆ ಬಂದು, ಜಮಖಾನದ ಅಂಚಿನಲ್ಲಿ, ಪೆಟ್ಟಿಗೆಯ ಮುಂದೆಯೇ ಕಾಲು ಮಡಿಸಿ ಕುಳಿತುಬಿಟ್ಟ. ಕಣ್ಣು ಮುಚ್ಚಿದ.

ಕೋದಂಡಪ್ಪ ಹಾಡಿನ ಮುಂದೆ ಕುಳಿತದ್ದನ್ನು ಹುಟ್ಟಿದಾರಭ್ಯ ಯಾರೂ ಕಂಡಿರಲಿಲ್ಲ. ಚಂದ್ರಿ ಹೋದಳು ಎಂದುಕೊಂಡಳು ಕನಕಮ್ಮ. ಕೊಂಡಪ್ಪ ಹಗ್ಗಕ್ಕೆ ಆಗಲೇ ಕುಣಿಕೆ ಹಾಕತೊಡಗಿದ್ದ.

ಪ್ಲೇಟು ಮುಗಿಯಿತು. ಕೋದಂಡಪ್ಪ ಕಣ್ಣು ಬಿಡದೆ, “ಇನ್ನೊಂದ್ ಕಿತ ಆಕಪ್ಪ,” ಎಂದ. ಪೆರುಮಾಳ್ ಹಲ್ಲು ಕಿರಿಯುತ್ತ ಮತ್ತೆ ಹಾಕಿದ. ಅದೂ ಮುಗಿಯಿತು. ಕೋದಂಡಪ್ಪ ಎದ್ದು ಪಂಚೆ ಕೊಡವಿದ.

“ಬಾಳ ಚೆನ್ನಾಗೈತೆ,” ಎಂದ. “ಇಂತಾದ್ದು ನಾನ್ ಕೇಳೇ ಇಲ್ಲ.”

“ಆಂಗಾದ್ರೆ ತಗಂತೀಯಾ?” ಎಂದ ಅಶ್ವತ್ಥಪ್ಪ.

“ಇಲ್ಲ.”

“ಯಾಕ್ಲಾ? ಚೆನ್ನಾಗೈತೆ ಅಂತೀಯ!”

“ಚೆನ್ನಾಗೈತೆ. ಕುಂತು ಕೇಳೋರಿಗೆ. ಅಣ್ಣಾ, ಮದ್ವೇಲಿ ಕುಂತೋರು ಯಾರ್ ಕೇಳ್ತಾರೆ? ಒಬ್ಬ ಊಟದ್ದು ಮಾತಾಡ್ತಾನೆ, ಒಬ್ಬ ಒಡವೆದು ಮಾತಾಡ್ತಾನೆ. ಮದ್ವೆ ಪದ ನಿಗಾ ಕೊಟ್ಟು ಕೇಳೋನು ದೂರದಾಗಿರೋನು. ನೀನು ಕರೀದೆ ಬಿಟ್ಟೋನು. ಆ ಪೆಟ್ಗೆ ಸದ್ದು ಗಾಡಿ ತಾವಲೇ ನಿಂತೋಯ್ತದೆ. ಕರೀದೆ ಇರೋರ ಮನೆಗಂಟ ಓಗಲ್ಲ.”

ಅಶ್ವತ್ಥಪ್ಪನ ಮುಖದಲ್ಲಿ ಸೂರ್ಯೋದಯವಾದದ್ದನ್ನು ಕನಕಮ್ಮ ಕಣ್ಣಾರೆ ಕಂಡಳು. ಕ್ಯಾಸಂಬಳ್ಳಿ ದಾರಿಯ ಹಳ್ಳಿಯಲ್ಲಿ ಅಶ್ವತ್ಥಪ್ಪನ ದಾಯಾದಿ ಅಣ್ಣನಿದ್ದ. ಹುಣಸೆ ತೋಪಿನ ಜಗಳದಲ್ಲಿ ಮಾತು ಬಿಟ್ಟು, ಮದುವೆಗೆ ಕರೆಯದೆ ಬಿಟ್ಟವರಲ್ಲಿ ಅವನೇ ಮೊದಲಿಗ. ಆ ಸೀಮೆಯಲ್ಲಿ ಚಪ್ಪರಕ್ಕೆ ಕಂಬ ನೆಡುವ ಮುಂಚೆಯೇ ಹಾರನ್ನಿನ ಬಾಯಿ ಯಾವ ಕಡೆಗೆ ಎಂದು ಕೇಳುವ ಪದ್ಧತಿ. ಹೈ-ಫೈ ಎಂಬ ಹೆಸರಿನ ಮೋಡಿಯಲ್ಲಿ ಅಶ್ವತ್ಥಪ್ಪ ಅದನ್ನೇ ಮರೆತಿದ್ದ.

“ಆ ಕಡೀಕೆ ಓಯ್ತದಾ ನಿನ್ ಆರನ್ನು?” ಎಂದು ಕ್ಯಾಸಂಬಳ್ಳಿ ದಿಕ್ಕಿಗೆ ಕೈ ತೋರಿಸಿದ.

“ಅಲ್ಲೊಂದು ಕಲ್ಲೇ ಇಟ್ಟಿವ್ನಿ, ನೋಡಿಲ್ವಾ?”

ಮುಗಿಯಿತು. ಮದುವೆ ಕೋದಂಡಪ್ಪನಿಗೇ ಎಂದು ಅಶ್ವತ್ಥಪ್ಪ ಅಲ್ಲೇ ವೀಳ್ಯ ಕೊಟ್ಟ. ಪೆರುಮಾಳನ ಮುಖ ಸಣ್ಣಗಾದದ್ದು ಕಂಡು, “ಅವ್ನ ಪೆಟ್ಗೇನ ಒಳೀಕೆ ಮಡ್ಗಣ್ಣ, ಬೀಗ್ರು ಮುಂದೆ,” ಎಂದು ಕೋದಂಡಪ್ಪನೇ ಹೇಳಿ, ಅವನಿಗೂ ಒಂದು ವೀಳ್ಯ ಕೊಡಿಸಿದ. ಕೊಂಡಪ್ಪ ಹಗ್ಗ ಸುತ್ತಿ ಬಗಲಿಗೆ ಸಿಕ್ಕಿಸಿಕೊಂಡು, ಮದುವೆಯ ಊಟ ಯಾವ ದಿನ ಎಂದು ವಿಚಾರಿಸಿಕೊಂಡು ಹೊರಟ.

ಮದುವೆಯ ದಿನ ಹಾರನ್ ಕ್ಯಾಸಂಬಳ್ಳಿ ದಿಕ್ಕಿಗೆ ಬಾಯಿ ತೆರೆದು ನಿಂತು ತನ್ನ ಕುಲಧರ್ಮ ನಡೆಸಿತು. ಆ ದಾಯಾದಿ ಅಣ್ಣ ಬೆಳಿಗ್ಗೆ ಕಿಟಕಿ ಮುಚ್ಚಿಕೊಂಡನೆಂದೂ, ಮಧ್ಯಾಹ್ನ ಬಾಗಿಲು ಮುಚ್ಚಿಕೊಂಡನೆಂದೂ, ಸಂಜೆಗೆ ತಡೆಯಲಾರದೆ ಬಿಳಿ ಪಂಚೆ ಉಟ್ಟು ಚಪ್ಪರಕ್ಕೇ ಬಂದು ಮುಯ್ಯಿ ಓದಿಸಿದನೆಂದೂ ಬಂಗಾರಪೇಟೆಯ ಇತಿಹಾಸ ಹೇಳುತ್ತದೆ. ಅಣ್ಣತಮ್ಮಂದಿರು ತಬ್ಬಿಕೊಂಡು ಅತ್ತರಂತೆ. ಹೈ-ಫೈ ಪೆಟ್ಟಿಗೆಗೆ ಈ ಸಾಮರ್ಥ್ಯ ಎಲ್ಲಿಂದ ಬರಬೇಕು?

ಕನಕಮ್ಮ ಅಂದು ಮರದ ಬುಡದಲ್ಲಿ ಕುಳಿತ ಗತ್ತು ಮದುಮಗಳಿಗೂ ಇರಲಿಲ್ಲ. ಆದರೆ ನಡುವೆ ಒಂದು ಸಲ ನೀರಿಗೆಂದು ಚಪ್ಪರದೊಳಗೆ ಹೋದಾಗ ಅವಳಿಗೊಂದು ದೃಶ್ಯ ಕಂಡಿತು. ಕಲ್ಲಿನ ತನಕ ನಡೆದು ಹೋಗಿರಬೇಕಾಗಿದ್ದ ಗಂಡ, ಪೆರುಮಾಳನ ಪೆಟ್ಟಿಗೆಯ ಮುಂದೆ ಕಾಲು ಮಡಿಸಿಕೊಂಡು, ಕಣ್ಣು ಮುಚ್ಚಿಕೊಂಡು, ಸುಖವಾಗಿ ಕುಳಿತಿದ್ದ.

ಅವಳು ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು. ಮಾರನೆಯ ಬೆಳಿಗ್ಗೆ ಚಂದ್ರಿಯ ಹಾಲು ಕರೆಯುತ್ತ, ಪಕ್ಕದಲ್ಲಿ ಹಾರನ್ನಿನ ತಗ್ಗುಗಳನ್ನು ತಟ್ಟಿ ಸರಿಮಾಡುತ್ತಿದ್ದ ಗಂಡನನ್ನು ಕೇಳಿದಳು.

“ಅಲ್ಲಯ್ಯಾ, ಒಂದ್ ಮಾತು. ಇಷ್ಟ್ ವರ್ಸ ನಮ್ ಪದ ಶುರುವಾದೇಟ್ಗೆ ಎದ್ದು ಓಯ್ತಿದ್ದೆ. ಪೆರುಮಾಳಂದು ಕೇಳಾಕೆ ಮಾತ್ರ ಯಾಕೆ ಕುಂತ್ಕಂಡೆ?”

ಕೋದಂಡಪ್ಪ ಸುತ್ತಿಗೆ ಕೆಳಗಿಟ್ಟ.

“ಅದು ತಲೆ ನೋಯಿಸ್ಲಿಲ್ಲ ಕಣೆ. ನಮ್ ಆರನ್ನು ಅತ್ರ ನಿಂತ್ರೆ ತಲೆ ಸಿಡೀತದೆ. ತಡಿಯಾಕಾಗಲ್ಲ. ಅದ್ಕೇ ದೂರ ಓಯ್ತಿದ್ದೆ.”

ಚೊಂಬಿಗೆ ಬೀಳುತ್ತಿದ್ದ ಹಾಲಿನ ಸದ್ದು ನಿಂತಿತು. ಅಷ್ಟು ವರ್ಷ ಹಾರನ್ನಿನ ಕೆಳಗೆ ಕುಳಿತಿದ್ದವಳು, ಅರಿಶಿನ ಕುಂಕುಮ ಕಂಡ ಆ ಕಲ್ಲನ್ನು ನೆನೆದುಕೊಂಡು, ಉಳಿದ ಒಂದೇ ಒಂದು ಆಸೆಯಿಂದ ಕೇಳಿದಳು:

“ಮತ್ತೆ ಆ ಕಲ್ಗುಳು?”

“ಕುಂತ್ಕೊಳ್ಳಾಕೆ.”