ಚಿಕ್ಕಮ್ಮನ ಕಂಪೈಲರ್

ನಮ್ಮ ಚಿಕ್ಕಮ್ಮನಿಗೆ ಅವಸರ ಅನ್ನುವುದೇ ಗೊತ್ತಿಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ನಾನು ಕೃತಕ ಕಾಲು ಮಾಡುವವನು. ಅವಳು ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ಕೆಲಸಕ್ಕಿದ್ದಳು.

ಅಳತೆ ಕೊಟ್ಟರೆ ಸಾಕೆಟ್ಟಿನ, ಅಂದರೆ ಉಳಿದ ಕಾಲು ಕೂರುವ ಭಾಗದ, ಆಕಾರ ಹೇಳುವ ಪ್ರೋಗ್ರಾಂ ಒಂದನ್ನು ಒದ್ದಾಡಿ ನಾನೇ ಬರೆದುಕೊಂಡಿದ್ದೆ. ಅದು ಓಡುತ್ತಿದ್ದ ಹಳೇ ಕಂಪ್ಯೂಟರ್ ಕೈಕೊಟ್ಟಿತು. ಅದೇ ಹೊತ್ತಿಗೆ ಒಂದು ಕಾಲು ಕಳೆದುಕೊಂಡಿದ್ದ ದರ್ಜಿಯಮ್ಮ ಒಬ್ಬರು ಬಂದರು. ಎಲ್ಲೋ ಅಂದಾಜಿನಲ್ಲಿ ಮಾಡಿಸಿದ್ದ ಕಾಲು ಉಜ್ಜಿ ಉಜ್ಜಿ ಹುಣ್ಣಾಗಿತ್ತು. ಹೊಲಿಗೆ ಯಂತ್ರ ತುಳಿಯಲಾಗದೆ ಅಂಗಡಿ ಮುಚ್ಚಿದ್ದರು. ನನ್ನ ಪ್ರೋಗ್ರಾಂ ಓಡದಿದ್ದರೆ ನಾನೂ ಅಂದಾಜಿನಲ್ಲೇ ಮಾಡಬೇಕಿತ್ತು.

ಚಿಕ್ಕಮ್ಮನ ಬಳಿ ವಿಭಾಗದವರೊಂದಿಗೆ ಸೇರಿ ಕಟ್ಟಿದ ಒಂದು ಕಂಪೈಲರ್ ಇತ್ತು. ನಾವು ಬರೆದದ್ದನ್ನು ಕಂಪ್ಯೂಟರಿಗೆ ತಿಳಿಯುವಂತೆ ಬದಲಿಸಿಕೊಡುವುದು ಅದರ ಕೆಲಸ. ಯಾವ ಕಂಪ್ಯೂಟರಿಗೆ ಬೇಕಾದರೂ ಕೊಂಡೊಯ್ಯಬಹುದು. ಆದರೆ ಕಟ್ಟಿದವರನ್ನು ಬಿಟ್ಟರೆ ಯಾರ ಕೈಗೂ ಅದು ಬಗ್ಗುತ್ತಿರಲಿಲ್ಲ. ಕಾಗದದ ಪ್ರತಿ ನೋಡಿ ಹೊಸ ಕಂಪ್ಯೂಟರಿನಲ್ಲಿ ಮತ್ತೆ ಟೈಪ್ ಮಾಡಿದ ನನ್ನ ಪ್ರೋಗ್ರಾಂ ಕೊಟ್ಟರೆ 'ತಪ್ಪಿದೆ' ಎಂದು ತೋರಿಸಿ ಸುಮ್ಮನಾಯಿತು. ಎಲ್ಲಿ, ಏನು, ಒಂದೂ ಇಲ್ಲ.

"ತಪ್ಪಿದೆ ಅಂತ ಹೇಳೋಕೆ ಮನೇಲಿ ನಮ್ಮತ್ತೆ ಇದ್ದಾರೆ, ಇದ್ಯಾಕೆ?" ಎಂದು ರೇಗಿದೆ.

"ನಿಮ್ಮತ್ತೆ ಎಲ್ಲಿ ತಪ್ಪು ಅಂತಾನೂ ಹೇಳ್ತಾರಲ್ಲ," ಎಂದು ಚಿಕ್ಕಮ್ಮ ನಕ್ಕಳು.

"ನೀನೇ ಸರಿಮಾಡಿಕೊಡು ಮಾರಾಯ್ತಿ. ನಿಂಗೆ ಅರ್ಧ ಗಂಟೆ ಕೆಲಸ."

"ನಾಳೆ ಅದ್ರಲ್ಲಿ ಏನಾದ್ರೂ ಬದಲಾಯಿಸಬೇಕಾದ್ರೆ? ಮತ್ತೆ ನಾನೇ ಬರ್ಬೇಕಾ? ನಾನಿಲ್ದೇ ಇದ್ರೆ?"

ನನಗೆ ಮೈಯೆಲ್ಲ ಉರಿಯಿತು. ಅವಳು ನನ್ನ ಕಾರ್ಯಾಗಾರದ ಪ್ಲಾಸ್ಟರ್ ಧೂಳಿನ ನಡುವೆಯೇ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. ಮರುದಿನವೂ ಬಂದಳು, ಅದರ ಮರುದಿನವೂ. ನಾನು ಎಡವುವುದನ್ನು ನೋಡಿ ನೋಡಿ, ನನ್ನ ಪ್ರೋಗ್ರಾಮನ್ನಲ್ಲ, ಕಂಪೈಲರನ್ನು ತಿದ್ದಿದಳು. ಕೊನೆಗೆ ಅದು ತಪ್ಪಿರುವ ಸಾಲು ತೋರಿಸಿ 'ಇಲ್ಲಿ ಆವರಣ ಚಿಹ್ನೆ ಮುಚ್ಚಿಲ್ಲ' ಎನ್ನತೊಡಗಿತು. ಒಂದು ತಪ್ಪಿಗೇ ನಿಲ್ಲದೆ ಮುಂದಿನದನ್ನೂ ಹೇಳಿತು. ಒಂದೊಂದಾಗಿ ನಾನೇ ತಿದ್ದಿದೆ. ಪ್ರೋಗ್ರಾಂ ಓಡಿತು. ಆಮೇಲೆ ಅದನ್ನು ಎಷ್ಟೋ ಸಲ ಬದಲಾಯಿಸಿದ್ದೇನೆ, ಬೇರೆ ಕಂಪ್ಯೂಟರಿಗೂ ಹಾಕಿದ್ದೇನೆ. ಯಾರ ಕೈಕಾಲೂ ಹಿಡಿಯಬೇಕಾಗಿಲ್ಲ. ಇಷ್ಟು ದೊಡ್ಡ ಉಪಕಾರವನ್ನು ನನಗೆ ಬೇರೆ ಯಾರೂ ಮಾಡಿಲ್ಲ.

ಹೊಸ ಕಾಲು ತೊಡಿಸುವ ದಿನ ಅವಳನ್ನೂ ಕರೆದೆ. ದರ್ಜಿಯಮ್ಮ ಕಂಬಿ ಹಿಡಿದು ಎದ್ದರು. ಕಂಬಿ ಬಿಟ್ಟರು. ಬಾಗಿಲವರೆಗೆ ನಡೆದು ತಿರುಗಿ ಬಂದರು.

"ಉಜ್ತಾ ಇಲ್ಲ," ಎಂದರು ಮೆಲ್ಲಗೆ.

ಚಿಕ್ಕಮ್ಮ ಮೂಲೆಯಲ್ಲಿ ನಿಂತು ಕನ್ನಡಕ ಒರೆಸುತ್ತಿದ್ದಳು. ದರ್ಜಿಯಮ್ಮ ಅವಳತ್ತ ನೋಡಿ ನನ್ನನ್ನು ಕೇಳಿದರು, "ಇವರೂ ಕಾಲು ಮಾಡ್ತಾರಾ?"

ಚಿಕ್ಕಮ್ಮ ಇಲ್ಲವೆಂದು ತಲೆಯಾಡಿಸುವಷ್ಟರಲ್ಲಿ ನಾನು ಹೇಳಿದೆ: "ನಿಮ್ಮ ಕಾಲು ಮಾಡಿದ್ದೇ ಇವಳು."