ಪಕ್ಕದ ಮನೆಯ ಇಂಗ್ಲಿಷ್

ಧಾರವಾಡದಲ್ಲಿ ನಾನು ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಭೂತಕಾಲದ ಕ್ರಿಯಾಪದ ತಪ್ಪಿದರೆ ನೂರು ಸಲ ಬರೆಸುತ್ತಿದ್ದ ಟೀಚರ್! ತೊಂಬತ್ತರ ದಶಕದಲ್ಲಿ ಲಂಡನ್ನಿಗೆ ಬಂದು, ವಿಮಾನ ನಿಲ್ದಾಣದ ಹತ್ತಿರದ ಫೆಲ್ಥಮ್ಮಿನಲ್ಲಿ ವಿಮಾನದ ಊಟದ ಟ್ರೇಗಳಿಗೆ ಬ್ರೆಡ್ಡು, ಬೆಣ್ಣೆ ಜೋಡಿಸುವ ಕೆಲಸಕ್ಕೆ ಸೇರಿದೆ. ಟೀಚರಮ್ಮನ ಜಂಬ ಮಾತ್ರ ಇಳಿದಿರಲಿಲ್ಲ.

ಐದು ವರ್ಷದ ಮಗಳನ್ನು ಶಾಲೆಯಿಂದ ಕರೆತಂದು, ನಾನು ಬರುವವರೆಗೆ ನೋಡಿಕೊಳ್ಳುತ್ತಿದ್ದವರು ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ. ಮಗಳಿಗೆ ಅವರು ‘ನ್ಯಾನ್’, ಇಲ್ಲಿಯವರ ಬಾಯಲ್ಲಿ ಅಜ್ಜಿ. ಹುಟ್ಟಿ ಬೆಳೆದದ್ದೆಲ್ಲ ಲಂಡನ್ನಿನಲ್ಲೇ, ಬಾಯಿತುಂಬ ಕಥೆ. ಒಂದು ಸಂಜೆ ಮಗಳು, “ಮಮ್ಮಿ, ಐ ಡನ್ ಇಟ್! ವಿ ವಾಸ್ ಪೇಂಟಿಂಗ್!” ಎನ್ನುತ್ತ ಚಿತ್ರ ಹಿಡಿದು ಓಡಿಬಂದಳು. ಚಿತ್ರ ನೋಡುವ ವ್ಯವಧಾನವೆಲ್ಲಿ ನನಗೆ? ಅಜ್ಜಿಯ ಮಾತೇ ಮಗಳ ಬಾಯಲ್ಲಿ! ಮೈಯೆಲ್ಲ ಉರಿದುಹೋಯಿತು. “ಐ ಡಿಡ್ ಇಟ್! ವಿ ವರ್!” ಎಂದು ಅಜ್ಜಿಯ ಎದುರಿಗೇ ತಿದ್ದಿದೆ. ಇಲ್ಲಿನ ಎಷ್ಟೋ ಜನ ಮಾತಾಡುವುದೇ ಹಾಗೆ ಎಂದು ಗೊತ್ತಿದ್ದೂ, ಮಗುವಿನ ಮುಂದೆ ಸ್ವಲ್ಪ ಸರಿಯಾಗಿ ಮಾತಾಡಿ ಎಂದು ಅವರಿಗೂ ಹೇಳಿಬಿಟ್ಟೆ. ಅವರ ಮುಖ ಕೆಂಪಾಯಿತು. “ಸಾರಿ, ಲವ್,” ಎಂದರು, ಅಷ್ಟೇ.

ನಮ್ಮನೆಯವರಿಗೆ ಹೇಳಿದರೆ ಊಟ ಬಿಟ್ಟು ನನ್ನನ್ನೇ ನೋಡಿದರು.

“ಯುಗಾದಿ ಪಾರ್ಟಿಯೊಳಗ ಬೆಂಗಳೂರಿನವ್ರು ನಿನ್ನ ಧಾರವಾಡದ ಮಾತಿಗೆ ನಕ್ಕಾಗ ಮನಿಗೆ ಬಂದು ಎಷ್ಟ್ ಅತ್ತಿದ್ದಿ, ಮರತೇನು?”

“ಅದು ಬ್ಯಾರೆ, ಇದು ಬ್ಯಾರೆ,” ಎಂದು ಎದ್ದುಹೋದೆ.

ವಾರದೊಳಗೆ ಮಗಳು ಪಕ್ಕದ ಮನೆಗೆ ಹೋಗುವುದಿಲ್ಲ ಎಂದು ಹಟ ಹಿಡಿದಳು. ನ್ಯಾನ್ ಈಗ ಮಾತೇ ಆಡುವುದಿಲ್ಲವಂತೆ, ತನ್ನನ್ನು ಕಂಡರೆ ಆಗುವುದಿಲ್ಲವಂತೆ. ಬಿಕ್ಕಿ ಬಿಕ್ಕಿ ಅತ್ತಳು. ಊರಿನ ಅಜ್ಜಿಯರಿಬ್ಬರೂ ಅವಳು ಹುಟ್ಟುವ ಮೊದಲೇ ತೀರಿಕೊಂಡವರು. ಅವಳಿಗಿದ್ದ ಅಜ್ಜಿ ಇವರೊಬ್ಬರೇ.

ಮರುದಿನ ಮಗಳನ್ನು ಹೇಗೋ ಒಪ್ಪಿಸಿ, ಕೆಲಸದಿಂದ ಬೇಗ ಹೊರಟುಬಂದೆ. ಪಕ್ಕದ ಮನೆಯ ಬಾಗಿಲು ತೆರೆದೇ ಇತ್ತು. ಅಜ್ಜಿ ಸೋಫಾದಲ್ಲಿ ಮಗಳ ಪಕ್ಕ ಕೂತು, ಶಾಲೆಯ ಪುಸ್ತಕದ ಮೇಲೆ ಬೆರಳಿಟ್ಟು, ಒಂದೊಂದೇ ಪದ ಓದುತ್ತಿದ್ದರು. ನಿನ್ನ ಕಥೆ ಹೇಳು ಎಂದು ಮಗಳು ಗೋಗರೆದಳು. ಬೇಡ ಕಂದ, ನನ್ನ ಮಾತು ಸರಿಯಿಲ್ಲ, ಪುಸ್ತಕದಲ್ಲಾದರೆ ತಪ್ಪಿರುವುದಿಲ್ಲ ಎಂದರು ಅಜ್ಜಿ.

ಅಯ್ಯೋ, ನಾನೆಂಥ ಕೆಲಸ ಮಾಡಿದ್ದೆ! ನಾಚಿಕೆಯಿಂದ ಸತ್ತೇಹೋದೆ. ಒಳಗೆ ಹೋಗಿ, ತಪ್ಪು ನನ್ನದು ಎಂದೆ. ನೀವು ಆರು ಮಕ್ಕಳು ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದ ಕಥೆಯಿದೆಯಂತಲ್ಲ, ನನಗೂ ಹೇಳಿ ಎಂದೆ. ಕೆಲಸದ ಯೂನಿಫಾರ್ಮಿನಲ್ಲೇ ಕಾರ್ಪೆಟ್ಟಿನ ಮೇಲೆ ಕೂತೆ.

ಅಜ್ಜಿ ಪುಸ್ತಕ ಮುಚ್ಚಿದರು. “ವಿ ವಾಸ್...” ಎಂದವರು ತಟ್ಟನೆ ನಿಲ್ಲಿಸಿ ನನ್ನ ಮುಖ ನೋಡಿದರು. ಮಗಳೂ ಉಸಿರು ಹಿಡಿದು ನನ್ನನ್ನೇ ನೋಡಿದಳು.

“ಹ್ಞೂಂ, ಆಮೇಲೆ?” ಎಂದೆ.

ಮಗಳು ಅಜ್ಜಿಯ ತೊಡೆಯೇರಿ ಕೂತಳು.